ಕೆರೆಯ ಮೀನು ಯಾರದು?

ಕನ್ನಡದ ಮಾತಿನಲ್ಲಿ ಗಾಳಕ್ಕೆ ಒಳ್ಳೆಯ ಹೆಸರಿಲ್ಲ. ‘ಗಾಳ ಹಾಕಿದ’ ಎಂದರೆ ಮೋಸಕ್ಕೆ ಹೊಂಚಿದ ಎಂದರ್ಥ. ‘ಗಾಳಕ್ಕೆ ಸಿಕ್ಕಿದ’ ಎಂದರೆ ಬುದ್ಧಿಗೇಡಿಯಾದ ಎಂದರ್ಥ. ಬಲೆಗೂ ಇದೇ ಗತಿ. ಮೀನು ಹಿಡಿಯುವ ಕಸುಬಿನಿಂದ ನಮ್ಮ ನುಡಿ ಪಡೆದುಕೊಂಡದ್ದು ಬಹುಮಟ್ಟಿಗೆ ಬೈಗುಳವನ್ನೇ. ಜಯನಗರ, ಬನಶಂಕರಿಗಳಲ್ಲಿ ಭಾನುವಾರದ ಪುರವಣಿಯನ್ನು ಓದುವವರಲ್ಲಿ ಹಲವರು ಮೀನನ್ನು ಪಂಚಾಂಗದ ರಾಶಿಯಾಗಿ ಬಲ್ಲರೇ ಹೊರತು ತಟ್ಟೆಯ ಮೇಲಣ ಪದಾರ್ಥವಾಗಿ ಬಲ್ಲವರಲ್ಲ. ಅಂಥವರ ಮುಂದೆ ಗಾಳದ ಚರಿತ್ರೆಯನ್ನು ತೆರೆದಿಡುವುದಕ್ಕೆ ಮೀನಮೇಷ ಎಣಿಸಬೇಕಾದೀತು. ಆದರೂ ಹೇಳಬೇಕೆಂದಿದ್ದೇನೆ, ಏಕೆಂದರೆ ಈ ಚರಿತ್ರೆಯ ಒಳಗೆ ಒಂದು ಪ್ರಶ್ನೆ ಅಡಗಿದೆ, ಅದು ಮೀನು ತಿನ್ನುವವರಿಗೂ ತಿನ್ನದವರಿಗೂ ಸೇರಿದ್ದು. ಕೆರೆಯ ಮೀನು ಯಾರದು?

ನಮ್ಮ ಊರಿನ ಈ ಭಾಗಕ್ಕೆ ದೊಡ್ಡ ಹೊಳೆಯಿಲ್ಲ. ಇರುವುದು ಕೆರೆಗಳು: ಮಡಿವಾಳ, ಸಾರಕ್ಕಿ, ಪುಟ್ಟೇನಹಳ್ಳಿ, ಯಡಿಯೂರು, ಭೈರಸಂದ್ರ, ಲಾಲ್‌ಬಾಗಿನ ಕೆರೆ. ಕೆರೆಯ ಏರಿಯ ಮೇಲೆ ಬಿದಿರ ಕಡ್ಡಿ, ಒಂದು ಮಾರು ದಾರ, ಬೆಂಡಿನ ತುಂಡು, ಎರೆಹುಳು ತುಂಬಿದ ಡಬ್ಬಿ ಇಟ್ಟುಕೊಂಡು ಕುಳಿತ ಹುಡುಗ ಒಂದು ಕಾಲಕ್ಕೆ ಅಪರೂಪದ ದೃಶ್ಯವಾಗಿರಲಿಲ್ಲ. ಮಂಡ್ಯದ ಕಡೆ ವಿಶ್ವೇಶ್ವರಯ್ಯ ನಾಲೆಯ ದಂಡೆಯ ಮೇಲೆ ಈಗಲೂ ಇಂಥವರು ಕಾಣಸಿಗುತ್ತಾರೆ. ಅವರಿಗೆ ಸಿಗುವುದು ಪಕ್ಕೆ, ಜಿಲೇಬಿ, ಅದೃಷ್ಟವಿದ್ದರೆ ಒಂದು ಕೊರವ. ಅವರ ಬಿದಿರ ಕಡ್ಡಿಗೆ ಎಷ್ಟು ಹಳೆಯ ವಂಶಾವಳಿ ಉಂಟೆಂಬುದನ್ನು ನೋಡೋಣ.

ಕೆರೆಯ ಮೀನು ಯಾರದೆಂಬ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಹಳೆಯ ಉತ್ತರ ದೊರೆತದ್ದು ಮೈಸೂರಿನಲ್ಲಿಯೇ. ಅಲ್ಲಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಕಟ್ಟೊಂದರಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದರು. ಆ ಗ್ರಂಥದ ನಿಲುವು ಖಂಡಿತವಾದುದು: ಕಟ್ಟೆಕೆರೆಗಳಲ್ಲಿನ ಮೀನಿನ ಮೇಲೆಯೂ ಅಲ್ಲಿ ಬೆಳೆಯುವ ಸೊಪ್ಪಿನ ಮೇಲೆಯೂ ದೋಣಿಯ ಮೇಲೆಯೂ ಒಡೆತನ ರಾಜನದು. ಮೀನು ಹಿಡಿಯುವವನು ತನ್ನ ಪಾಲಿನಲ್ಲಿ ಆರರಲ್ಲೊಂದು ಭಾಗವನ್ನು ಒಪ್ಪಿಸತಕ್ಕದ್ದು. ಹೊಲದ ಬೆಳೆಗೆ ಇದ್ದ ಲೆಕ್ಕವೇ ನೀರಿನ ಬೆಳೆಗೂ. ಮೀನಿಗೆ ರಕ್ಷಣೆಯಿರುವ ಅಭಯವನಗಳ ಮಾತೂ ಅದರಲ್ಲಿ ಬರುತ್ತದೆ. ಅಶೋಕನ ಐದನೆಯ ಸ್ತಂಭಶಾಸನವಂತೂ ಕೆಲವು ಹುಣ್ಣಿಮೆ, ಪರ್ವದಿನಗಳಲ್ಲಿ ಮೀನನ್ನು ಕೊಲ್ಲುವುದನ್ನೂ ಮಾರುವುದನ್ನೂ ನಿಷೇಧಿಸಿತು.

ಅರಸ ಒಡೆಯನಾದ ಮೇಲೆ ಆ ಹುಟ್ಟುವಳಿ ಎಲ್ಲಿಗೆ ಹೋಗಬೇಕು? ದಕ್ಷಿಣದ ಶಾಸನಗಳು ಇದಕ್ಕೆ ಹೇಳುವ ಉತ್ತರ ಮೆಚ್ಚಬೇಕಾದದ್ದು. ಕೆರೆ ಕಟ್ಟಿಸಿದವನಿಗೂ ಅದನ್ನು ನೋಡಿಕೊಳ್ಳುವವನಿಗೂ ನಮ್ಮ ಕನ್ನಡ ಶಾಸನಗಳು ಬಿತ್ತುವಟ್ಟ, ಕೆರೆಗೊಡಗೆ ಎಂಬ ಹೆಸರಿನಿಂದ ಭೂಮಿಯನ್ನೋ ಹುಟ್ಟುವಳಿಯನ್ನೋ ಬಿಟ್ಟುಕೊಡುತ್ತವೆ. ನೆರೆಯ ತಮಿಳು ಶಾಸನಗಳಲ್ಲಿ ಕೆರೆಯ ಮೀನಿನ ಮೇಲಣ ಗುತ್ತಿಗೆಗೆ ಪಾಶಿಪಾಟ್ಟಂ ಎಂಬ ಹೆಸರುಂಟು. ಆ ಹಣವನ್ನು ಅದೇ ಕೆರೆಯ ಹೂಳು ತೆಗೆಯುವುದಕ್ಕೆ ಬಳಸಬೇಕೆಂದು ಕಟ್ಟುಮಾಡಿದ ಶಾಸನಗಳೂ ಉಂಟು. ಮೀನು ಕೆರೆಯನ್ನು ಕಾಯಬೇಕು, ಕೆರೆ ಮೀನನ್ನು ಸಾಕಬೇಕು ಎಂಬ ಲೆಕ್ಕಾಚಾರ ಇದು. ಇದಕ್ಕಿಂತ ಸರಳವಾದ ಕೆರೆಯ ಅರ್ಥಶಾಸ್ತ್ರವನ್ನು ಇಂದಿಗೂ ಯಾರೂ ಬರೆದಂತಿಲ್ಲ.

ಇಷ್ಟು ಹೊತ್ತು ಮಾತನಾಡಿದ್ದು ತೆರಿಗೆಯ ವಿಷಯ. ಮೀನು ಹಿಡಿಯುವುದನ್ನೇ ಒಂದು ವಿದ್ಯೆಯೆಂದು ಬಗೆದು ಅದಕ್ಕೆ ಶಾಸ್ತ್ರ ಬರೆದವನು ಕನ್ನಡ ನಾಡಿನ ದೊರೆ. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು, ಇಂದಿನ ಬಸವಕಲ್ಯಾಣದಲ್ಲಿ ಕುಳಿತು, 1130ರ ಸುಮಾರಿಗೆ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬುದು ಅದರ ಇನ್ನೊಂದು ಹೆಸರು. ಐದು ವಿಂಶತಿಗಳು, ನೂರು ಅಧ್ಯಾಯಗಳು. ರಾಜನೀತಿಯಿಂದ ಅಡುಗೆಯವರೆಗೆ, ಆನೆಯಿಂದ ಸಂಗೀತದವರೆಗೆ ಅದರಲ್ಲಿಲ್ಲದ ವಿಷಯವಿಲ್ಲ. ಅದರ ವಿನೋದಗಳ ಭಾಗದಲ್ಲಿ ‘ಮತ್ಸ್ಯವಿನೋದ’ ಎಂಬುದೊಂದು ಅಧ್ಯಾಯ.

ವಿನೋದವೆಂಬ ಹೆಸರಿದ್ದರೂ ಬರೆವಣಿಗೆ ಹುಡುಗಾಟದ್ದಲ್ಲ. ಸೋಮೇಶ್ವರ ಸುಮಾರು ಮೂವತ್ತೈದು ಬಗೆಯ ಮೀನುಗಳನ್ನು ಹೆಸರಿಸುತ್ತಾನೆ. ಕಡಲಿನವು ಯಾವುವು, ಹೊಳೆಯವು ಯಾವುವು. ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು. ದೊಡ್ಡವು, ನಡುತರದವು, ಸಣ್ಣವು ಯಾವುವು ಎಂದು ವಿಂಗಡಿಸುತ್ತಾನೆ. ಯಾವ ಮೀನಿಗೆ ಯಾವ ತಿಂಡಿ ರುಚಿ, ಹಿಡಿಯುವ ಮೊದಲು ಅವಕ್ಕೆ ಉಣಿಸಿ ಅಭ್ಯಾಸ ಮಾಡಿಸುವುದು ಹೇಗೆ, ಗಾಳದ ಸಲಕರಣೆ ಹೇಗಿರಬೇಕು ಎಂಬುದನ್ನೆಲ್ಲ ವಿವರಿಸುತ್ತಾನೆ. ಅವನ ಮೀನುಗಳ ಪಟ್ಟಿಯಲ್ಲಿ ‘ಮಹಾಶೀಲ’ವೆಂಬ ಹೆಸರೊಂದು ಬರುತ್ತದೆ. ಮೀನುಗಳ ಅಧ್ಯಯನದಲ್ಲಿ ದೊಡ್ಡ ಹೆಸರಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಕುರಿತು ಬರೆದು, ವಿಜ್ಞಾನಿಗಳ ಗಮನವನ್ನು ಅದರತ್ತ ಸೆಳೆದರು.

ಇಂಗ್ಲೆಂಡಿನಲ್ಲಿ ಗಾಳದ ಕಲೆಯನ್ನು ಕುರಿತ ಮೊದಲ ಮುದ್ರಿತ ಗ್ರಂಥ ಹೊರಬಂದದ್ದು 1496ರಲ್ಲಿ. ಜಗತ್ಪ್ರಸಿದ್ಧನಾದ ಐಸಾಕ್ ವಾಲ್ಟನ್ನನ ಪುಸ್ತಕ ಬಂದದ್ದು 1653ರಲ್ಲಿ. ವಾಲ್ಟನ್ನನ ಹೆಸರು ನಮ್ಮ ಇಂಗ್ಲಿಷ್ ತರಗತಿಗಳಲ್ಲಿ ಕೇಳಿಬರುತ್ತದೆ. ಅವನಿಗಿಂತ ಐನೂರು ವರ್ಷ ಮೊದಲೇ ಅದೇ ವಿಷಯವನ್ನು ಬರೆದ ಕಲ್ಯಾಣದ ದೊರೆಯ ಹೆಸರು ನಮ್ಮ ಕನ್ನಡ ತರಗತಿಗಳಲ್ಲಿಯೂ ಕೇಳಿಬರುವುದಿಲ್ಲ. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಗಮನಿಸಬೇಕಾದದ್ದು ಬೇರೆ. ಅರಮನೆಯ ದೊರೆ ಮೂವತ್ತೈದು ಮೀನುಗಳ ಊಟೋಪಚಾರವನ್ನು ತಾನೊಬ್ಬನೇ ಕುಳಿತು ಕಂಡುಹಿಡಿದಿರಲಾರ. ಆ ತಿಳಿವಳಿಕೆ ಹೊಳೆಯ ದಂಡೆಯ ಬೆಸ್ತರದು, ಅಂಬಿಗರದು. ಅವರು ಬಾಯಲ್ಲಿ ಇಟ್ಟುಕೊಂಡಿದ್ದುದನ್ನು ದೊರೆ ಶ್ಲೋಕವಾಗಿಸಿದ. ಬರೆದವನ ಹೆಸರು ಉಳಿಯಿತು, ಹೇಳಿಕೊಟ್ಟವರ ಹೆಸರು ಅಳಿಯಿತು.

ಕೊಲ್ಲುವವರ ಶಾಸ್ತ್ರವಿದ್ದ ನಾಡಿನಲ್ಲಿಯೇ ಕೊಲ್ಲದವರ ಕಥೆಯೂ ಇತ್ತು. ರಾಷ್ಟ್ರಕೂಟರ ಕಾಲದಲ್ಲಿ, ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿ, ಜೈನಕವಿ ಸೋಮದೇವಸೂರಿ 959ರಲ್ಲಿ ಮುಗಿಸಿದ ‘ಯಶಸ್ತಿಲಕ’ದಲ್ಲಿ ಮೃಗಸೇನನೆಂಬ ಬೆಸ್ತನ ಕಥೆ ಬರುತ್ತದೆ. ಬಲೆಗೆ ಬಿದ್ದ ಮೊದಲ ಮೀನನ್ನು ಕೊಲ್ಲುವುದಿಲ್ಲವೆಂದು ಅವನು ಮುನಿಯ ಮುಂದೆ ವ್ರತ ತೊಡುತ್ತಾನೆ. ಮೊದಲು ಸಿಕ್ಕ ಮೀನಿಗೆ ಗುರುತು ಕಟ್ಟಿ ನೀರಿಗೆ ಬಿಡುತ್ತಾನೆ. ಮತ್ತೆ ಬಲೆ ಬೀಸಿದರೆ ಬೀಳುವುದೂ ಅದೇ ಮೀನು. ಹೀಗೆ ಐದು ಸಲ. ಬರಿಗೈಯಲ್ಲಿ ಮನೆಗೆ ಹೋಗಿ ಹೆಂಡತಿಯ ಕೋಪಕ್ಕೆ ಗುರಿಯಾಗುತ್ತಾನೆ. ಮರುಜನ್ಮದಲ್ಲಿ ಐದು ಸಲ ಮೃತ್ಯುವಿನಿಂದ ಪಾರಾಗುತ್ತಾನೆ. ಹಿಡಿದು, ಗುರುತು ಹಾಕಿ, ಬಿಟ್ಟುಬಿಡುವುದು ಹೊಸ ಕಾಲದ ಪಾಶ್ಚಾತ್ಯ ಕ್ರೀಡೆಯ ನೀತಿಯೆಂದು ತಿಳಿದವರು ಈ ಕಥೆಯನ್ನು ಓದಬೇಕು.

ಶೃಂಗೇರಿಯ ತುಂಗೆಯ ಮೀನುಗಳನ್ನು ವಾಚಕರಲ್ಲಿ ಹೆಚ್ಚಿನವರು ಕಂಡಿರುತ್ತೀರಿ; ಪುರಿಯನ್ನು ಎರಚಿಯೂ ಇರುತ್ತೀರಿ. ದಕ್ಷಿಣ ಕನ್ನಡದ ಶಿಶಿಲದಲ್ಲಿ ಶಿಶಿಲೇಶ್ವರನ ಗುಡಿಯ ಮುಂದಣ ಕಪಿಲಾ ಹೊಳೆಯಲ್ಲಿಯೂ ಹಾಗೆಯೇ. ಅಲ್ಲಿ ಮೀನು ಅರಸನದಲ್ಲ, ಗುತ್ತಿಗೆದಾರನದಲ್ಲ, ದೇವರದು. ದೇವರ ಆಸ್ತಿಗೆ ಬಲೆ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಆದರೆ 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಹಾಕಿದರು. ದೇವರ ಮೀನುಗಳು ರಾಶಿರಾಶಿಯಾಗಿ ಸತ್ತವು. ಊರಿನವರು ಅವುಗಳಿಗೆ ಸ್ಮಾರಕ ಕಟ್ಟಿ, ಹೊಳೆಯನ್ನು ಕಾಯಲು ಮುಂದಾದರು. ದೇವರದಾದ ಮೀನಿಗೂ ಮನುಷ್ಯರ ಕಾವಲು ಬೇಕಾಯಿತು.

ಇನ್ನು ಬಿಳಿಯರ ಕಾಲಕ್ಕೆ ಬರೋಣ. ಟಿಪ್ಪುವಿನ ಪತನದ ಬೆನ್ನಲ್ಲೇ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಿದ. 1807ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥದಲ್ಲಿ ಬೆಳೆ, ಜಾತಿ, ಕಸುಬುಗಳ ನಡುವೆ, ಹಿರಿಯೂರಿನ ಹತ್ತಿರ ವೇದಾವತಿ ಹೊಳೆಯಲ್ಲಿ ಸಿಕ್ಕ ಒಂದು ಸಣ್ಣ ಮೀನಿನ ವರ್ಣನೆಯೂ ಇದೆ. ಅವನು ಅದಕ್ಕೆ ಕೊಟ್ಟ ‘ಬೆಂಡೆಲಿಸಿಸ್’ ಎಂಬ ಹೆಸರನ್ನೇ ಇಂದಿಗೂ ವಿಜ್ಞಾನಿಗಳು ಬಳಸುತ್ತಾರೆ. 1849ರಲ್ಲಿ ಜೆರ್ಡನ್ ದಕ್ಷಿಣ ಭಾರತದ ಸಿಹಿನೀರ ಮೀನುಗಳನ್ನು ಕುರಿತು ಬರೆದ. ಕಾವೇರಿಯ ಮೀನುಗಳಿಗೆ ಅದರಲ್ಲಿ ಸ್ಥಾನ ದೊರೆಯಿತು. ಬಳಿಕ ಬಂದವನು ಹೆನ್ರಿ ಸಲಿವನ್ ಥಾಮಸ್. ದಕ್ಷಿಣ ಕನ್ನಡದಲ್ಲಿ ಕಲೆಕ್ಟರನಾಗಿದ್ದ ಈತ ಕಚೇರಿಯ ಕೆಲಸ ಮುಗಿಸಿ ಗಾಳ ಹಿಡಿಯುತ್ತಿದ್ದವನು. ಭಾರತದ ಹೊಳೆಗಳಲ್ಲಿ ಗಾಳ ಹಾಕುವುದನ್ನು ಕುರಿತು ಅವನು ಬರೆದ ಪುಸ್ತಕ 1873ರಲ್ಲಿ ನಮ್ಮ ಮಂಗಳೂರಿನಲ್ಲಿಯೇ ಅಚ್ಚಾಯಿತು. ಮುಂದೆ 1887ರಲ್ಲಿ ಕೆರೆಗಳಲ್ಲಿ ಗಾಳ ಹಾಕುವುದಕ್ಕೇ ಮೀಸಲಾದ ಇನ್ನೊಂದು ಪುಸ್ತಕವನ್ನು ಬರೆದ. ಹೊಳೆ ಹತ್ತಿರವಿಲ್ಲದ ಅಧಿಕಾರಿಗೂ ಕೆರೆಯೊಂದು ಇದ್ದೇ ಇರುತ್ತದೆಂಬುದು ಅವನಿಗೆ ಗೊತ್ತಿತ್ತು.

ಇವರ ವಿನೋದದ ಬೆನ್ನಿಗೆ ಕಾನೂನೂ ಬಂತು. ಸಿಡಿಮದ್ದು ಹಾಕಿಯೋ ವಿಷ ಬೆರೆಸಿಯೋ ಮೀನು ಹಿಡಿಯುವುದನ್ನು 1897ರ ಭಾರತದ ಮೀನುಗಾರಿಕೆಯ ಕಾಯಿದೆ ಅಪರಾಧವೆಂದು ಸಾರಿತು. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗೆ ತನ್ನದೇ ಒಂದು ರೆಗ್ಯುಲೇಷನ್ ತಂದಿತು. ಕರ್ನಾಟಕದ ಒಳನಾಡು ಮೀನುಗಾರಿಕೆಯ ಕಾಯಿದೆ ಬಂದದ್ದು 1996ರಲ್ಲಿ. ಕಾನೂನಿಗೆ ಕೊರತೆಯೇನೂ ಇಲ್ಲ.

ಗಾಳದವರ ಕನಸಿನ ಮೀನೆಂದರೆ ಮಹಶೀರ್. ಕಾವೇರಿ ದಂಡೆಯ ನಮ್ಮ ಜನ ಅದನ್ನು ಬಿಳಿಮೀನು ಎನ್ನುತ್ತಾರೆ. ಮೈಸೂರಿನಲ್ಲಿ ಚರ್ಮ ಹದಮಾಡಿ ಪ್ರಾಣಿಗಳ ಪ್ರತಿರೂಪ ನಿಲ್ಲಿಸುವ ಕಲೆಗೆ ಹೆಸರಾದ ವಾನ್ ಇಂಗೆನ್ ಮನೆತನದ ಡಿ ವೆಟ್ ವಾನ್ ಇಂಗೆನ್ 1946ರ ಮಾರ್ಚಿಯಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು ತೂಗಿತು. ಎಂದರೆ ಸುಮಾರು 54 ಕಿಲೊ, ಒಬ್ಬ ಆಳಿನ ತೂಕ. ಗಾಳಕ್ಕೆ ಸಿಕ್ಕ ಮಹಶೀರಿನ ದಾಖಲೆಯೆಂದು ಬಹುಕಾಲ ಎಲ್ಲರೂ ಹೇಳಿದ್ದು ಅದನ್ನೇ. ಬೆಂಗಳೂರಿನಲ್ಲಿ 1972ರಲ್ಲಿ ಹುಟ್ಟಿದ ದಕ್ಷಿಣ ಭಾರತದ ವನ್ಯಜೀವಿ ಸಂಘ ಕಾವೇರಿಯ ಒಂದು ಹರವನ್ನು ಗುತ್ತಿಗೆಗೆ ಪಡೆದು ಕಾವಲಿಟ್ಟಿತು. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಗಾಳದ ಬಿಡಾರಗಳು ಎದ್ದವು. ದೇಶದೇಶಗಳಿಂದ ಬಂದವರಿಗೆ ಅಲ್ಲಿನ ಹಳ್ಳಿಯ ಆಳುಗಳು ಕಲಿಸಿಕೊಟ್ಟ ಎರೆ ಯಾವುದು ಬಲ್ಲಿರಾ? ರಾಗಿ ಮುದ್ದೆ! ನಾಡಿನ ರೈತನ ಊಟವೇ ಹೊಳೆಯ ದೊರೆಗೂ ಪ್ರಿಯವಾದದ್ದು. ಸೋಮೇಶ್ವರನ ಅಧ್ಯಾಯಕ್ಕೆ ಇದೊಂದು ತಡವಾದ ಅನುಬಂಧವೆನ್ನಬೇಕು.

ಅಲ್ಲಿನ ನಿಯಮ ಮೃಗಸೇನನದೇ: ಹಿಡಿ, ತೂಗು, ಬರೆದಿಡು, ಬಿಡು. ಹೀಗೆ ಬರೆದಿಟ್ಟ ಪುಸ್ತಕಗಳು ಯಾರೂ ಎಣಿಸದ ಒಂದು ಉಪಕಾರ ಮಾಡಿದವು. 1998ರಿಂದ 2012ರವರೆಗಿನ ಆ ಲೆಕ್ಕಗಳನ್ನು ವಿಜ್ಞಾನಿಗಳು ತೆಗೆದು ನೋಡಿದಾಗ ತಿಳಿದದ್ದು ಇದು: ಕಾವೇರಿಗೇ ಸ್ವಂತವಾದ, ಬೆನ್ನು ಗೂನಾಗಿ ಮೈ ಚಿನ್ನದಂತೆ ಹೊಳೆಯುವ ಮಹಶೀರ್ ಸಿಗುವುದು ಅಪರೂಪವಾಗುತ್ತ ಹೋಗಿತ್ತು, ಅದರ ಸ್ಥಳದಲ್ಲಿ, ಲೋಣಾವಳದ ಮೊಟ್ಟೆಮನೆಯಲ್ಲಿ ಸಾಕಿ ತಂದು ಬಿಟ್ಟ ನೀಲಿ ರೆಕ್ಕೆಯ ಬೇರೆ ಜಾತಿ ತುಂಬಿಕೊಂಡಿತ್ತು. ಒಳ್ಳೆಯದಾಗಲೆಂದು ಬಿಟ್ಟ ಮೀನು ಮನೆಯ ಮಗುವಿನ ಜಾಗವನ್ನು ಕಸಿದುಕೊಂಡಂತಾಯಿತು. 2015ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಅಷ್ಟರಲ್ಲಿ, ಅಭಯಾರಣ್ಯದೊಳಗೆ ಗಾಳವೂ ಬೇಟೆಯೇ ಎಂಬ ಕಾನೂನಿನ ಅರ್ಥದಂತೆ, 2012ರಲ್ಲಿ ಬಿಡಾರಗಳ ಗಾಳ ನಿಂತಿತ್ತು. ಗೂನುಬೆನ್ನಿನ ಮಹಶೀರಿಗೆ ಖಚಿತವಾದ ಶಾಸ್ತ್ರೀಯ ಹೆಸರು ನಿಂತದ್ದು 2018ರಲ್ಲಿ; ಅದು ಅಳಿವಿನ ತುತ್ತತುದಿಯಲ್ಲಿದೆಯೆಂದು ಜಗತ್ತಿನ ಪಟ್ಟಿಯಲ್ಲಿ ಸೇರಿದ್ದೂ ಅದೇ ವರ್ಷ. ನಾಮಕರಣವೂ ಮರಣಶಾಸನವೂ ಒಂದೇ ವರ್ಷದಲ್ಲಿ ಆದಂತೆ.

ಗಾಳ ನಿಂತದ್ದು ಸರಿಯೋ ತಪ್ಪೋ ಎಂಬ ವಾದದಲ್ಲಿ ಎರಡು ಪಕ್ಷಕ್ಕೂ ಬಲವಿದೆ. ಕೊಕ್ಕೆ ಮೀನಿಗೆ ನೋವೇ. ಬಿಟ್ಟ ಮಾತ್ರಕ್ಕೆ ನೋವು ಪುಣ್ಯವಾಗುವುದಿಲ್ಲ. ಅಭಯಾರಣ್ಯವೆಂದ ಮೇಲೆ ಅಭಯ ಎಲ್ಲಕ್ಕೂ ಇರಬೇಕು. ಆದರೆ ಸಿಡಿಮದ್ದಿನವನು ರಾತ್ರಿ ಬರುವಾಗ ದಂಡೆಯ ಮೇಲೆ ಎಚ್ಚರವಾಗಿ ಕುಳಿತಿರುತ್ತಿದ್ದವನೂ, ಯಾವ ಮೀನು ಕಡಮೆಯಾಯಿತೆಂದು ಬರೆದಿಟ್ಟವನೂ ಗಾಳದವನೇ ಎಂಬುದನ್ನು ಅಲ್ಲಗಳೆಯಲಾಗದು.

ಈ ಕಾವೇರಿಯ ಮಾತು ಬನಶಂಕರಿಯ ವಾಚಕರಿಗೆ ದೂರದ್ದೆನಿಸಬೇಕಾಗಿಲ್ಲ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆಂದು ಹೇಳುವ ವೃಷಭಾವತಿಯು ಅರ್ಕಾವತಿಗೆ ಸೇರುತ್ತದೆ. ಅರ್ಕಾವತಿ ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಗಾಳಿಬೋರೆ ಇರುವುದು ಆ ಸಂಗಮದ ಹತ್ತಿರ. ನಮ್ಮ ಬಚ್ಚಲ ನೀರು ಬಿಳಿಮೀನಿನ ಮನೆಯ ಮುಂದೆಯೇ ಹಾದುಹೋಗುತ್ತದೆ. ಹೊಳೆಯಾಗಿ ಹುಟ್ಟಿದ್ದು ಮೋರಿಯಾಗಿ ಹೋಗಿ ಅಲ್ಲಿ ತಲಪುತ್ತದೆ.

ಕೆರೆಗಳ ಮಾತೂ ಹಾಗೆಯೇ. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಾಗ ಸುತ್ತ ಹಳ್ಳಿಗಳೂ ಗದ್ದೆಗಳೂ ಇದ್ದವು, ಗದ್ದೆಗಳಿಗೆ ಕೆರೆಗಳಿದ್ದವು. ಉಳಿದ ಕೆರೆಗಳಲ್ಲಿ ಇಂದು ಈಜುವವು ಬಹುಮಟ್ಟಿಗೆ ಹೊರಗಿನವು. ಕಾಟ್ಲಾ, ರೋಹು, ಮೃಗಾಲ್ ಗಂಗೆಯ ಕಡೆಯಿಂದ ತಂದವು. ಜಿಲೇಬಿಯೆಂದು ನಾವು ಕರೆಯುವ ತಿಲಾಪಿಯ ಆಫ್ರಿಕದ್ದು, ಭಾರತಕ್ಕೆ ಬಂದದ್ದು 1952ರಲ್ಲಿ. ಆಫ್ರಿಕದ ಇನ್ನೊಂದು ಮೀಸೆಮೀನನ್ನು ಸಾಕಬಾರದೆಂದು ಕೇಂದ್ರ ಸರ್ಕಾರ 2000ದಲ್ಲಿ ಆಜ್ಞೆ ಮಾಡಿದರೂ ಅದು ಕೆರೆ ಸೇರಿದ್ದಾಗಿತ್ತು. ಪಕ್ಕೆ, ಕೊರವ, ಚೇಳುಮೀನು, ಹಾವುಮೀನುಗಳಂಥ ಹಳೆಯ ಒಕ್ಕಲುಗಳು ಮೂಲೆ ಸೇರಿವೆ. ಮೀನು ಮೂಲೆ ಸೇರಿದರೆ ಹೆಸರೂ ಮೂಲೆ ಸೇರುತ್ತದೆ. ಕನ್ನಡದ ಮೇಷ್ಟರಿಗೆ ಇದು ಎರಡನೆಯ ದುಃಖ.

ಕೆರೆಗಳನ್ನು ಉಳಿಸುವ ಕೆಲಸವೂ ನಡೆದಿದೆ. ಪುಟ್ಟೇನಹಳ್ಳಿಯ ಕೆರೆಯನ್ನು ಅದರ ಸುತ್ತಲ ನಿವಾಸಿಗಳೇ ಟ್ರಸ್ಟ್ ಮಾಡಿಕೊಂಡು ಮೇಲೆತ್ತಿದರು. ಸಾರಕ್ಕಿಯ ಒತ್ತುವರಿಯನ್ನು 2015ರಲ್ಲಿ ತೆರವು ಮಾಡಿದರು. ಇದೆಲ್ಲ ಸಂತೋಷದ ಸಂಗತಿ. ಆದರೆ ಉಳಿದ ಕೆರೆ ಹೆಚ್ಚಾಗಿ ನೋಡುವ ಕೆರೆಯಾಗಿದೆ: ಸುತ್ತ ಬೇಲಿ, ಬಾಗಿಲು, ಬೆಳಗ್ಗೆ ಸಂಜೆಯ ವೇಳೆ, ನಡೆಯುವವರಿಗೆ ಕಲ್ಲುಹಾಸು. ಮೀನಿನ ಹಕ್ಕು ಟೆಂಡರಿನಲ್ಲಿ ಗುತ್ತಿಗೆದಾರನಿಗೆ ಹೋಗುತ್ತದೆ. ಬಿದಿರ ಕಡ್ಡಿಯ ಹುಡುಗನನ್ನು ಕಾವಲುಗಾರ ಗದರಿಸಿ ಕಳುಹಿಸುತ್ತಾನೆ. ಕೌಟಿಲ್ಯನ ರಾಜನ ಆರರಲ್ಲೊಂದು ಪಾಲು ಈಗ ಇಡಿಯ ಪಾಲೇ ಆಗಿದೆ. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ ಊರಿಗೆಲ್ಲ ಆಶ್ಚರ್ಯವಾಯಿತು. ನೀರಿನ ಉಸಿರು ಕಟ್ಟುವುದು ಒಂದೇ ದಿನದಲ್ಲಲ್ಲ. ಮೀನು ಮೇಲಕ್ಕೆ ಬಂದು ಬಾಯಿ ಬಿಡುವುದನ್ನು, ಎರೆಯನ್ನು ಮೂಸಿಯೂ ನೋಡದಿರುವುದನ್ನು ಮೊದಲು ಕಾಣುವವನು ದಿನವೂ ಬೆಂಡಿನ ಮೇಲೆ ಕಣ್ಣಿಟ್ಟು ಕುಳಿತವನು. ಅಂಥವನು ಏರಿಯ ಮೇಲೆ ಇಲ್ಲದಿದ್ದರೆ ಸುದ್ದಿ ನಮಗೆ ಮುಟ್ಟುವುದು ವಾಸನೆಯ ಮೂಲಕವೇ.

ಹಾಗಾದರೆ ಕೆರೆಯ ಮೀನು ಯಾರದು? ಅರಸನದೆಂದು ಶಾಸ್ತ್ರ ಹೇಳಿತು, ದೇವರದೆಂದು ಗುಡಿ ಹೇಳಿತು, ಗುತ್ತಿಗೆದಾರನದೆಂದು ಟೆಂಡರು ಹೇಳುತ್ತದೆ. ಮೂವರಲ್ಲಿ ಯಾರೂ ಕೆರೆಯ ದಂಡೆಯ ಮೇಲೆ ಕುಳಿತವರಲ್ಲ. ಹಳೆಯ ಪಾಶಿಪಾಟ್ಟದಂತೆ ಮೀನಿನ ಗುತ್ತಿಗೆಯ ಹಣ ಅದೇ ಕೆರೆಗೆ ಸಲ್ಲುವಂತೆ ಮಾಡಿ, ಪ್ರತಿಯೊಂದು ಕೆರೆಯಲ್ಲೂ ಏರಿಯ ಒಂದು ತುದಿಯನ್ನು ಬಿದಿರ ಕಡ್ಡಿಯವರಿಗೆ ಬಿಟ್ಟುಕೊಟ್ಟು, ಅವರಿಗೆ ಏನು ಸಿಕ್ಕಿತೆಂದು ಬರೆದಿಡುವ ಒಂದು ಪುಸ್ತಕವನ್ನು ಕಾವಲುಗಾರನ ಕೋಣೆಯಲ್ಲಿ ಇಟ್ಟರೆ ಯಾರಿಗೂ ನಷ್ಟವಿಲ್ಲ. ಮೊದಲ ಪುಟದಲ್ಲಿ ಪಕ್ಕೆ, ಕೊರವ, ಚೇಳುಮೀನು ಎಂದು ಕನ್ನಡದಲ್ಲಿಯೇ ಬರೆಯಲಿ. ಕಲ್ಯಾಣದ ದೊರೆ ಮೂವತ್ತೈದು ಹೆಸರು ಬರೆದಿಟ್ಟ. ಮಡಿವಾಳದ ಕೆರೆಯಲ್ಲಿ ನಾವು ಎಷ್ಟು ಬರೆಯಬಲ್ಲೆವು?